ಸಾಬೂನು: ಇದೆ

ಮಾರ್ಚ್ 3, ಮಂಗಳವಾರ. ಸಂಜೆ

ಇವತ್ತು ಒಂಬತ್ತು ಮನೆ. ಗುರಿ ಹತ್ತಿತ್ತು. ಹತ್ತನೆಯ ಮನೆಯ ನಾಯಿ ನನ್ನನ್ನು ಗೇಟು ದಾಟಲು ಬಿಡಲಿಲ್ಲ. ಅದನ್ನು ಬರೆಯಲು ಟ್ಯಾಬ್‌ನ ಫಾರಂನಲ್ಲಿ ಜಾಗವಿಲ್ಲ. 'ಮನೆಯವರು ನಿರಾಕರಿಸಿದರು' ಎಂದು ಒತ್ತಿದೆ. ನಾಯಿಯೂ ಮನೆಯವರೇ ತಾನೇ.

ಬೆಳಿಗ್ಗೆ ಎಂಟರಿಂದ ಮೂರರವರೆಗೆ ಒಂದು ಗುಟುಕು ನೀರು ಕುಡಿದಿಲ್ಲ. ಕುಡಿದರೆ ಹೋಗಬೇಕಾಗುತ್ತದೆ. ಹೋಗಲು ಜಾಗ ಬೇಕಲ್ಲ. ಮನೆಮನೆಗೆ ಹೋಗಿ ನೀರು ಸಾಕಾಗುತ್ತದೆಯೇ, ಶೌಚಾಲಯ ಇದೆಯೇ, ಕೈತೊಳೆಯಲು ಸಾಬೂನು ಇದೆಯೇ ಎಂದು ಕೇಳುವವಳ ಪಾಡು ಇದು. ನಮ್ಮನೆಯವರು ಕರೆಂಟಿನ ಮೀಟರ್ ಓದುವವರು. "ನಂದೇ ವಾಸಿ ನೋಡು. ಯಾವ್ದಾದ್ರೂ ಗೋಡೆ ಸಿಕ್ರೆ ಸಾಕು, ಕೆಲಸ ಮುಗೀತು" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಸಿಟ್ಟು ಬಂತು.

ನಾಳೆಯಿಂದ ಹೊಸ ಸಾಲು. ವರ್ಕ್‌ಶಾಪಿನ ಹಿಂದಿನ ಇಪ್ಪತ್ತೆರಡು ಮನೆ.

ಮಾರ್ಚ್ 4, ಬುಧವಾರ. ಸಂಜೆ

ಇಪ್ಪತ್ತೆರಡು ಮನೆಗೆ ಎರಡು ಪಾಯಿಖಾನೆ, ಒಂದು ಸ್ನಾನದ ಗೂಡು. ಗೂಡಿಗೆ ತಗಡಿನ ಗೋಡೆ. ಎಲ್ಲಕ್ಕೂ ಸೇರಿ ಹೊರಬಾಗಿಲಿಗೆ ಒಂದೇ ಬೀಗ. ಕೀಲಿ ಒಂದನೇ ಮನೆಯವರ ಹತ್ತಿರ. ಮಾಲೀಕರು ಅವರಿಗೇ ಒಪ್ಪಿಸಿದ್ದಾರಂತೆ. ಸಾಲಿನವರೆಲ್ಲ ಬೀಗದಣ್ಣ ಎನ್ನುತ್ತಾರೆ.

ಒಳ್ಳೆಯ ಮನುಷ್ಯ. ಕುರ್ಚಿ ಹಾಕಿದರು, ಫ್ಯಾನ್ ತಿರುಗಿಸಿದರು, ಲೋಟದಲ್ಲಿ ನೀರು ತಂದುಕೊಟ್ಟರು. ನೀರು ಹಾಗೇ ಬಿಟ್ಟೆ. ಪ್ರತಿ ಸಾಲಿಗೂ ಒಬ್ಬ 'ಸಂಪರ್ಕ ವ್ಯಕ್ತಿ' ಬೇಕು, ನಮ್ಮ ಆಫೀಸಿನವರು ಮುಂದೆ ಏನಾದರೂ ಹೇಳುವುದಿದ್ದರೆ ಮೊದಲು ಅವರಿಗೆ ಫೋನ್ ಮಾಡುತ್ತಾರೆ. "ನನ್ನ ನಂಬರೇ ಹಾಕ್ಕೊಳ್ಳಿ ಮೇಡಂ, ಇಲ್ಲಿ ನಂಗೊತ್ತಿಲ್ದೆ ಒಂದು ಬಕೆಟ್ ಅಲ್ಲಾಡಲ್ಲ" ಎಂದರು. ಹಾಕಿಕೊಂಡೆ. ಹೀಗೆ ಸಹಕರಿಸುವವರು ಎಲ್ಲ ಕಡೆ ಸಿಕ್ಕರೆ ನನ್ನ ಚಪ್ಪಲಿ ಇನ್ನೂ ಆರು ತಿಂಗಳು ಬಾಳುತ್ತಿತ್ತು.

ಆರು ಮನೆ ಮುಗಿಸಿದೆ. ಬಿ ಭಾಗ ಮನೆಯ ಯಜಮಾನರಿಗೆ. ಬಿ-3: 'ಮನೆಯ ಎಲ್ಲರಿಗೂ ಬೇಕಾದಾಗ ಶೌಚಾಲಯ ಸಿಗುತ್ತದೆಯೇ?' ಆರು ಜನ ಗಂಡಸರು, ಆರೂ ಜನ: "ಓ, ಯಾವಾಗ ಬೇಕಾದ್ರೂ." ಡಿ ಭಾಗ ಹೆಂಗಸರಿಗೆ ಮಾತ್ರ, ಬಾಗಿಲು ಮುಂದೆ ಮಾಡಿ, ಒಬ್ಬೊಬ್ಬರನ್ನೇ. ಅದೇ ಮನೆ, ಅದೇ ಶೌಚಾಲಯ: "ಕತ್ತಲಾಗೋದ್ರೊಳಗೆ ಮುಗಿಸ್ಕೋತೀವಿ." "ನಾಲ್ಕು ಗಂಟೆ ಮೇಲೆ ನೀರೇ ಕುಡಿಯಲ್ಲ." ಈ ಎರಡು ಉತ್ತರಗಳ ನಡುವಿನ ಅಂತರ ಇದೆಯಲ್ಲ, ನಾವು ಅಳೆಯಬೇಕಾದದ್ದು ಅದನ್ನೇ ಎಂದು ತರಬೇತಿಯಲ್ಲಿ ಹೇಳಿದ್ದರು.

ಡಿ-9: 'ಶೌಚಾಲಯ ಅಥವಾ ಸ್ನಾನಕ್ಕೆ ಹೋಗುವಾಗ ಭಯವಾಗುತ್ತದೆಯೇ?' ಆರೂ ಜನ ಇಲ್ಲ ಎಂದರು. ಪ್ರಶ್ನೆ ಮುಗಿಯುವ ಮೊದಲೇ ಇಲ್ಲ ಎಂದರು.

ಸಿ ಭಾಗ ನಾನು ಕಣ್ಣಾರೆ ನೋಡಿ ತುಂಬುವುದು. ಸ್ನಾನದ ಗೂಡಿನಲ್ಲಿ, ಎದೆಮಟ್ಟದಲ್ಲಿ, ತಗಡಿಗೆ ಸಾಬೂನಿನ ಉಂಡೆ ಮೆತ್ತಿತ್ತು. ಪಾಪ, ಇಡಲು ಜಾಗವಿಲ್ಲ, ಗೋಡೆಗೇ ಅಂಟಿಸುತ್ತಾರೆ. ಸಿ-4, ಸಾಬೂನು: ಇದೆ. ಫೋಟೋ ತೆಗೆದೆ. ಹಸಿರು ಟಿಕ್ ಬಂತು.

ಮಾರ್ಚ್ 6, ಶುಕ್ರವಾರ. ಸಂಜೆ

ಮನೆ 14. ಬರೆಯಬೇಕೋ ಬೇಡವೋ. ಬರೆಯುತ್ತೇನೆ, ಇದನ್ನು ಯಾರು ಓದುತ್ತಾರೆ.

ಇಪ್ಪತ್ತಾರು-ಏಳರ ಹೆಂಗಸು. ಮನೆಯಲ್ಲೇ ಕೂತು ಶರ್ಟುಗಳಿಗೆ ಕಾಜಾ ಹಾಕುತ್ತಾಳೆ. ಸುತ್ತ ಶರ್ಟಿನ ಗುಡ್ಡೆ. ಗಂಡ ಲಾರಿ ಓಡಿಸುವವನು. ಬೆಳಿಗ್ಗೆಯೇ ಬಿ ಭಾಗಕ್ಕೆ 'ಯಾವಾಗ ಬೇಕಾದ್ರೂ' ಎಂದು ಹೇಳಿ ಹೊರಟುಹೋಗಿದ್ದ. ಡಿ-9ಕ್ಕೆ ಬಂದಾಗ ಸೂಜಿ ನಿಂತಿತು.

"ಹೌದು ಅಂದ್ರೆ ಏನಾಗುತ್ತೆ ಅಕ್ಕ?"

"ಏನೂ ಆಗಲ್ಲ. ಲೆಕ್ಕಕ್ಕೆ ಹೋಗುತ್ತೆ. ಹೆಸರು ಹೋಗಲ್ಲ."

"ಹಾಗಾದ್ರೆ ಹೌದು. ಬರ್ಕೊಳ್ಳಿ."

ಡಿ-10: 'ಯಾರಿಂದ ಅಥವಾ ಯಾವುದರಿಂದ ಭಯ?' ಕತ್ತಲು, ಪ್ರಾಣಿ, ಅಪರಿಚಿತರು, ಪರಿಚಿತರು. ಓದಿ ಹೇಳಿದೆ.

"ಭಾವ" ಎಂದಳು. ಬೀಗದಣ್ಣ ಅವಳ ಗಂಡನ ಒಡಹುಟ್ಟಿದ ಅಣ್ಣ. "ಸ್ನಾನದ ತಗಡಲ್ಲಿ ಒಂದು ತೂತಿದೆ. ದಿನಾ ಸಾಬೂನು ಮೆತ್ತಿ ಮುಚ್ತೀನಿ. ಮಾರನೇ ದಿನ ಹೋದ್ರೆ ಆ ಕಡೆಯಿಂದ ಚುಚ್ಚಿ ತೆಗೆದಿರುತ್ತೆ. ಆ ಕಡೆ ಇರೋದು ಪೊರಕೆ, ಬಕೆಟ್ ಇಡೋ ಕೋಣೆ. ಅದರ ಕೀಲಿನೂ ಅವ್ರ ಹತ್ರಾನೇ."

"ಗಂಡನಿಗೆ ಹೇಳಿದ್ರಾ?"

"ಅಣ್ಣ ಅಂದ್ರೆ ದೇವರು ಅವ್ರಿಗೆ. ನನ್ನನ್ನೇ ಆಚೆ ಹಾಕ್ತಾರೆ."

ಟ್ಯಾಬ್‌ನಲ್ಲಿ ಮೊನ್ನೆಯ ಫೋಟೋ ತೆಗೆದು ದೊಡ್ಡದು ಮಾಡಿದೆ. ಉಂಡೆಯಲ್ಲಿ ಗುಲಾಬಿ ಬಣ್ಣವಿತ್ತು. ಅದರ ಅಂಚಿಗೆ ಹಸಿರು. ಬಿಳಿ. ಕೆಳಗೆ ಹಳದಿ, ಹಳೆಯದು, ಒಣಗಿ ಬಿರುಕುಬಿಟ್ಟದ್ದು.

"ನಿಮ್ಮ ಮನೆ ಸಾಬೂನು ಯಾವ ಬಣ್ಣ?"

"ಗುಲಾಬಿ. ಯಾವಾಗ್ಲೂ ಅದೇ."

ಅವಳಿಗೂ ತೋರಿಸಿದೆ. ತೋರಿಸಬಾರದಿತ್ತು. ನಾನು ಬಂದದ್ದು ಪ್ರಶ್ನೆ ಕೇಳಲು, ಉತ್ತರ ಕೊಡಲು ಅಲ್ಲ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನಲ್ಲ, ತನ್ನನ್ನೇ ಕೇಳಿಕೊಂಡಳು: "ಹಸಿರು ಯಾರದ್ದು?"

ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಕೂತು ಫಾರಂ ಮುಗಿಸಿದೆ. 'ಪರಿಚಿತರು' ಒತ್ತಿದೆ. ಕೆಳಗೆ ಟಿಪ್ಪಣಿಗೆ ಒಂದು ಖಾಲಿ ಚೌಕ. ಮೈಯೆಲ್ಲ ಉರಿಯುತ್ತಿತ್ತು. ಬರೆದೆ: 'ಕೀಲಿ ಇಟ್ಟುಕೊಳ್ಳುವವನು. ಗಂಡನ ಅಣ್ಣ. ತಗಡಿನ ತೂತು.' ಕಳಿಸಿಬಿಟ್ಟೆ.

ಮಾರ್ಚ್ 7, ಶನಿವಾರ. ಬೆಳಿಗ್ಗೆ

ತರಬೇತಿಯ ಪುಸ್ತಕ ತೆಗೆದು ನೋಡಿದೆ. ಪುಟ 31, ದಪ್ಪಕ್ಷರ: ವ್ಯಕ್ತಿಯ ಗುರುತು ಸಿಗುವಂಥ ಯಾವುದನ್ನೂ ಟಿಪ್ಪಣಿಯಲ್ಲಿ ಬರೆಯಬಾರದು. ಪಕ್ಕದಲ್ಲಿ ನಾನೇ ಪೆನ್ಸಿಲ್‌ನಲ್ಲಿ ಗೀಟು ಎಳೆದಿದ್ದೇನೆ, ಮುಖ್ಯ ಎಂದು.

ಕಳಿಸಿದ ಫಾರಂ ವಾಪಸ್ ಬರುವುದಿಲ್ಲ. ನಮ್ಮನೆಯವರು, "ಅಷ್ಟೊಂದು ಫಾರಂನಲ್ಲಿ ನಿನ್ನ ಒಂದು ಸಾಲು ಯಾರು ಓದ್ತಾರೆ, ಬಿಡು" ಎಂದರು. ಅದೂ ನಿಜ. ನಿಜವೇ ಆಗಲಿ.

ಮಾರ್ಚ್ 17, ಮಂಗಳವಾರ. ಮಧ್ಯಾಹ್ನ

ಹತ್ತು ದಿನ ಬರೆದಿಲ್ಲ. ಬೇರೆ ಸಾಲು, ಬೇರೆ ಬಾಗಿಲು. ಒಟ್ಟು ನೂರ ಎಂಬತ್ತಾರು ಮನೆ ಮುಗಿಯಿತು. ಮರೆತೆ ಅಂದುಕೊಂಡಿದ್ದೆ.

ಇವತ್ತು ಬ್ಯಾಕ್‌ಚೆಕ್ ಪಟ್ಟಿ ಬಂತು. ನಾವು ಮನೆಗೇ ಹೋಗದೆ ಮರದ ಕೆಳಗೆ ಕೂತು ಫಾರಂ ತುಂಬಿದ್ದೇವೋ ಎಂದು ನೋಡಲು, ಹತ್ತರಲ್ಲಿ ಒಂದು ಮನೆಗೆ ಮೇಲಿನವರು ಮತ್ತೆ ಹೋಗಿ ಅವೇ ಪ್ರಶ್ನೆ ಕೇಳುತ್ತಾರೆ. ಮನೆ ಆರಿಸುವುದು ಕಂಪ್ಯೂಟರ್. ಟಿಪ್ಪಣಿ ಇರುವ ಫಾರಂ ಮೇಲೆ ಅದಕ್ಕೆ ಮೊದಲು ಕಣ್ಣಂತೆ.

ಮನೆ 14. ಬಿ-3, ಸಿ-4, ಡಿ-10.

ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಹೋಗುವವರು ನಮ್ಮ ಮೇಲ್ವಿಚಾರಕರು, ಟಿಕ್ ಸರ್. ಪರದೆ ತುಂಬ ಹಸಿರು ಟಿಕ್ ಕಾಣದಿದ್ದರೆ ಊಟ ಸೇರದ ಮನುಷ್ಯ, ಅದಕ್ಕೇ ಆ ಹೆಸರು. ಖುಷಿಯಲ್ಲಿದ್ದರು. "ಆ ಸಾಲಿನ ಸಂಪರ್ಕ ವ್ಯಕ್ತಿಗೆ ಫೋನ್ ಮಾಡಿ ಹೇಳಿದೀನಿ ಕಣಮ್ಮಾ. ಹದಿನಾಲ್ಕನೇ ಮನೆ ಹೆಂಗಸನ್ನ ಎಲ್ಲೂ ಕಳಿಸಲ್ಲ, ಕೂರಿಸ್ಕೊಂಡಿರ್ತೀನಿ ಅಂದ್ರು. ಒಳ್ಳೇ ಜನ."

ಆ ನಂಬರ್ ನಾನೇ ಹಾಕಿದ್ದು. ಮೊದಲನೇ ದಿನ, ಮೊದಲನೇ ಪುಟದಲ್ಲಿ. ಫ್ಯಾನ್ ತಿರುಗಿಸಿದರು ಎಂದು.

ಮಾರ್ಚ್ 18, ಬುಧವಾರ. ಸಂಜೆ

ಕಾಜಾದವಳಿಗೆ ಹೇಳಿ ಎಚ್ಚರಿಸಲು ಹೋದೆ. ಸಾಲಿನ ಬಾಯಲ್ಲೇ ಬೀಗದಣ್ಣ. ಕೀಲಿಗೊಂಚಲನ್ನು ಬೆರಳಿಗೆ ಹಾಕಿಕೊಂಡು ತಿರುಗಿಸುತ್ತ ನಿಂತಿದ್ದರು. ನಿಂತಿದ್ದ. ಇನ್ನು ಬಹುವಚನ ಬರುವುದಿಲ್ಲ ಕೈಗೆ.

"ಏನ್ ಮೇಡಂ, ಹದಿನಾಲ್ಕರಲ್ಲಿ ಏನೋ ತಪ್ಪಾಗಿದ್ಯಂತೆ?"

"ಇಲ್ಲ... ಸುಮ್ನೆ... ಲೆಕ್ಕ ಹೊಂದಿಸೋಕೆ."

"ನಮ್ಮ ತಮ್ಮನ ಹೆಂಡ್ತಿ ಸ್ವಲ್ಪ ಪುಕ್ಕಲು. ಏನಾದ್ರೂ ಹೆಚ್ಚುಕಡಿಮೆ ಹೇಳಿರ್ತಾಳೆ. ಸೋಮವಾರ ನಾನೇ ಪಕ್ಕದಲ್ಲಿ ಕೂತಿರ್ತೀನಿ ಬಿಡಿ. ಹೊಂದುತ್ತೆ."

ನಗುತ್ತಲೇ ಇದ್ದ. ಹೊರಟೆ. ಹಿಂದಿನಿಂದ ಕೂಗಿದ.

"ನೀವು ನೀರೇ ಕುಡಿಯಲ್ಲ ಅಲ್ವಾ ಮೇಡಂ? ಅವತ್ತೂ ಲೋಟ ಹಾಗೇ ಇಟ್ರಿ. ನೋಡ್ದೆ. ಅರ್ಜೆಂಟ್ ಇದ್ರೆ ಹೇಳಿ, ಕೀಲಿ ಕೊಡ್ತೀನಿ."

ಬಸ್ ನಿಲ್ದಾಣದವರೆಗೆ ಓಡಿದಂತೆ ನಡೆದೆ. ಮನೆಗೆ ಬಂದು ನಮ್ಮ ಬಚ್ಚಲಿನ ಗೋಡೆಯನ್ನು ಅಂಗೈಯಿಂದ ಪೂರ್ತಿ ಸವರಿ ನೋಡಿದೆ. ಇಟ್ಟಿಗೆ ಗೋಡೆ. ತೂತಿಲ್ಲ. ಎರಡನೇ ಸಲವೂ ಸವರಿದೆ.

ಹದಿನಾಲ್ಕನೇ ಮನೆಯವರೆಗೆ ಹೋಗಲೇ ಇಲ್ಲ ನಾನು.

ಮಾರ್ಚ್ 19, ಗುರುವಾರ. ಮಧ್ಯಾಹ್ನ 2

ಟಿಕ್ ಸರ್‌ಗೆ ಎಲ್ಲ ಹೇಳಿದೆ. ಟಿಪ್ಪಣಿ ಬರೆದದ್ದು ತಪ್ಪು ಎಂದೂ ಹೇಳಿದೆ. ಕೆಟ್ಟವರಲ್ಲ ಅವರು. ಕನ್ನಡಕ ತೆಗೆದು ಒರೆಸಿಕೊಂಡರು.

"ನಂಗೂ ಹೆಣ್ಮಕ್ಕಳಿದಾರೆ ಕಣಮ್ಮಾ. ಆದ್ರೆ ಪಟ್ಟಿ ನನ್ನ ಕೈಲಿಲ್ಲ. ಒಂದು ಮನೆ ತೆಗೆದ್ರೆ ಯಾಕೆ ತೆಗೆದೆ ಅಂತ ಕೇಳ್ತಾರೆ. ನಾವು ಅಳೆಯೋರು, ರಿಪೇರಿಯವರಲ್ಲ. ನೀವು ಮನೆಮನೆಗೆ ಕೊಡೋ ಕರಪತ್ರದ ಹಿಂದೆ ದೂರಿನ ನಂಬರ್ ಇದೆಯಲ್ಲ, ಅವಳಿಗೆ ಅಲ್ಲಿಗೆ ಫೋನ್ ಮಾಡೋಕೆ ಹೇಳು."

"ದೂರು ಬಂದ್ರೆ ಅವ್ರು ಏನ್ಮಾಡ್ತಾರೆ ಸರ್?"

"ಮೊದಲು ಆ ಸಾಲಿನ ಸಂಪರ್ಕ ವ್ಯಕ್ತಿನ ವಿಚಾರಿಸ್ತಾರೆ."

ಹೇಳಿದ ಮೇಲೆ ಅವರಿಗೇ ಗೊತ್ತಾಯಿತು. ಕನ್ನಡಕ ಮತ್ತೆ ಒರೆಸಿದರು.

ನಾನು ಮತ್ತೆ ಕೇಳಿದೆ: "ಮನೆ ಪಟ್ಟಿಯಿಂದ ಹೋಗೋಕೆ ಯಾವ ದಾರಿನೂ ಇಲ್ವಾ?"

"ಫಾರಂ ಸುಳ್ಳು ಅಂತ ಗೊತ್ತಾದ್ರೆ ಹೋಗುತ್ತೆ. ಒಂದು ಸುಳ್ಳಾದ್ರೆ ಆ ಸರ್ವೆಯವಳ ಅಷ್ಟೂ ಫಾರಂ ಹೋಗುತ್ತೆ. ಕೆಲಸಾನೂ ಹೋಗುತ್ತೆ." ನನ್ನ ಮುಖ ನೋಡಿದರು. "ಏನ್ ಯೋಚ್ನೆ ಮಾಡ್ತಿದೀಯಾ? ಬೇಡ."

ಮಾರ್ಚ್ 20, ಶುಕ್ರವಾರ. ಬೆಳಿಗ್ಗೆ 11

ಮಾಡಿಬಿಟ್ಟೆ.

ಬರೆದು ಸಹಿ ಹಾಕಿ ಕೊಟ್ಟೆ. ಮನೆ 14ರ ಡಿ ಭಾಗವನ್ನು ಆ ಮನೆಯವರನ್ನು ಕೇಳದೆ ನಾನೇ ತುಂಬಿದ್ದೇನೆ. ಟಿಪ್ಪಣಿ ನನ್ನ ಕಲ್ಪನೆ.

ಟಿಕ್ ಸರ್ ಓದಿ, ಮೇಜಿನ ಮೇಲಿಟ್ಟು, ಮತ್ತೆ ಓದಿದರು. "ಇದು ಸುಳ್ಳು ಅಂತ ನಂಗೊತ್ತು" ಎಂದರು. ತೆಗೆದುಕೊಂಡರು. ನನ್ನ ಎದುರಿಗೇ ಬೀಗದಣ್ಣನಿಗೆ ಫೋನ್ ಮಾಡಿ ಸೋಮವಾರದ್ದು ರದ್ದು, ನಮ್ಮ ಹುಡುಗಿಯದೇ ತಪ್ಪು ಎಂದರು. ಆ ಕಡೆಯ ನಗು ನನಗೂ ಕೇಳಿಸಿತು.

ಟ್ಯಾಬ್ ವಾಪಸ್. ಗುರುತಿನ ಚೀಟಿ ವಾಪಸ್. ನೂರ ಎಂಬತ್ತಾರು ಮನೆ ಅಳಿಸಿಹೋಗುತ್ತವೆ. ನಾಲ್ಕು ಗಂಟೆಯ ಮೇಲೆ ನೀರು ಕುಡಿಯದ ಅಷ್ಟೂ ಹೆಂಗಸರು. ಕೊಡ ಹೊತ್ತು ಹೊತ್ತು ಕತ್ತು ಹಿಡಿದುಕೊಂಡವಳು. ಮುಟ್ಟಿನ ಬಟ್ಟೆ ಒಗೆದು ಒಣಗಿಸಲು ಜಾಗವಿಲ್ಲದೆ ಹಾಸಿಗೆಯ ಕೆಳಗೆ ಹಾಸಿ ಒಣಗಿಸುವವಳು. ಎಲ್ಲರೂ ನನ್ನನ್ನು ನಂಬಿ ಹೇಳಿದ್ದರು. ಆದರೆ ಒಬ್ಬಳು ಉಳಿದಳು. ಉಳಿದಳು ತಾನೇ?

ಮನೆಗೆ ಬಂದು ಎರಡು ಲೋಟ ನೀರು ಗಟಗಟ ಕುಡಿದೆ, ಹಾಡುಹಗಲಲ್ಲಿ. ನಮ್ಮನೆಯವರಿಗೆ ಇನ್ನೂ ಹೇಳಿಲ್ಲ.

ಮಾರ್ಚ್ 22, ಭಾನುವಾರ. ಸಂಜೆ 5

ಫೋನ್ ಬಂತು. ಗೊತ್ತಿಲ್ಲದ ನಂಬರ್. ಪಿಸುಮಾತು.

"ಅಕ್ಕ, ನಾನು. ಕಾಜಾ. ಕರಪತ್ರದಲ್ಲಿ ನಿಮ್ಮ ನಂಬರ್ ಇತ್ತು. ಹಸಿರು ಯಾರದ್ದು ಅಂತ ಗೊತ್ತಾಯ್ತು."

"ಯಾರದ್ದು?" ಎಂದೆ.

"ಹದಿನೇಳನೇ ಮನೆಯವಳದ್ದು. ಬಿಳಿ ಒಂಬತ್ತರ ಅಜ್ಜೀದು. ಹಳದಿ ಮೂರನೇ ಮನೇದು. ಇನ್ನೂ ಇದಾರೆ ಅಕ್ಕ. ಎಲ್ಲರೂ ಮುಚ್ತಿದ್ವಿ, ಒಬ್ರಿಗೊಬ್ರು ಹೇಳ್ಕೊಂಡಿರ್ಲಿಲ್ಲ ಅಷ್ಟೆ. ನಾನೊಬ್ಳೇ ಅಂತ ಎಲ್ರೂ ಅನ್ಕೊಂಡಿದ್ವಿ. ನಾಳೆ ಹತ್ತು ಗಂಟೆಗೆ ನಿಮ್ಮ ದೊಡ್ಡ ಸರ್ ಬರ್ತಾರಲ್ಲ, ಭಾವ ಹೇಳಿದ್ರು. ಹನ್ನೊಂದು ಜನ ನಿಂತ್ಕೋತೀವಿ. ಅವ್ನ ಎದುರಿಗೇ ಹೇಳ್ತೀವಿ. ಸರ್ಕಾರದವ್ರ ಥರ ಒಬ್ರು ಎದುರಿಗಿದ್ರೆ ಧೈರ್ಯ. ನಂದು ಆಗ್ಲೇ ಬರ್ದಿದೀರಲ್ಲ ಅಕ್ಕ, ಅದನ್ನೇ ಎಲ್ರಿಗೂ ಹೇಳಿದೀನಿ, ನಂದು ಆಗ್ಲೇ ಬರೆದಾಗಿದೆ, ಹೆದರ್ಬೇಡಿ ಅಂತ."

ಯಾರೋ ಬಂದರು. ಫೋನ್ ಇಟ್ಟಳು.

ವಾಪಸ್ ಮಾಡಿದೆ. ಗಂಡಸಿನ ದನಿ. "ಯಾರು?" ಕಟ್ ಮಾಡಿದೆ. ಅವಳ ಗಂಡನೋ, ಬೀಗದಣ್ಣನೋ. ಮತ್ತೆ ಮಾಡುವ ಧೈರ್ಯ ಬರಲಿಲ್ಲ.

ಸೋಮವಾರದ್ದು ರದ್ದಾದದ್ದು ಗೊತ್ತಿದ್ದೂ ಬೀಗದಣ್ಣ ಅವಳಿಗೆ ಹೇಳಿಲ್ಲ. ಯಾರು ಯಾರು ಬಾಯಿ ಬಿಡುತ್ತಾರೆ ಎಂದು ನೋಡಲು ಕಾಯುತ್ತಿದ್ದಾನೆ. ನಾಳೆ ಹತ್ತಕ್ಕೆ ಹನ್ನೊಂದು ಜನ ನಿಲ್ಲುತ್ತಾರೆ. ಯಾರೂ ಬರುವುದಿಲ್ಲ. ಆಮೇಲೆ ಕೀಲಿ ಅವನ ಹತ್ತಿರವೇ ಇರುತ್ತದೆ.

ನಮ್ಮನೆಯವರಿಗೆ ಎಲ್ಲ ಹೇಳಿದೆ, ಕೆಲಸ ಹೋದದ್ದೂ. ಅವರು ತಮಾಷೆ ಮಾಡಲಿಲ್ಲ. "ನಾಳೆ ನಾನೂ ಬರ್ಲಾ?" ಎಂದರು. ಬೇಡ ಎಂದೆ. ಬೇಡ ಎಂದು ಯಾಕಂದೆನೋ.

ಮಾರ್ಚ್ 23, ಸೋಮವಾರ. ಬೆಳಿಗ್ಗೆ 9:50

ವರ್ಕ್‌ಶಾಪಿನ ಗೋಡೆಗೆ ಒರಗಿ ಬರೆಯುತ್ತಿದ್ದೇನೆ. ಬರೆಯುತ್ತಿದ್ದರೆ ಇಲ್ಲೇ ನಿಂತಿರುತ್ತೇನೆ. ಇಲ್ಲಿಂದ ಸಾಲು ಕಾಣುತ್ತದೆ. ಹೆಂಗಸರು ಒಬ್ಬೊಬ್ಬರೇ ಬಂದು ಬೀಗದ ಬಾಗಿಲ ಮುಂದೆ ನಿಲ್ಲುತ್ತಿದ್ದಾರೆ. ಕೈಯಲ್ಲಿ ಸಾಬೂನಿನ ಚೂರು. ಅವನು ಒಂದನೇ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಒಬ್ಬೊಬ್ಬರನ್ನೂ ನೋಡುತ್ತಿದ್ದಾನೆ.

10:05

"ಇವತ್ತು ಯಾರೂ ಬರಲ್ಲ, ಒಳಗೆ ಹೋಗ್ರಮ್ಮಾ" ಎಂದು ಕೂಗಿದ. ಹಳದಿಯವಳು ತಲೆ ತಗ್ಗಿಸಿ ಹೊರಟುಹೋದಳು. ಇನ್ನೊಬ್ಬಳೂ ಹಿಂದೆ ತಿರುಗಿದಳು. ಕಾಜಾದವಳು ರಸ್ತೆಯ ಕಡೆಗೇ ನೋಡುತ್ತಿದ್ದಾಳೆ.

ಓಡಿಹೋಗಬೇಕು ಅನ್ನಿಸುತ್ತಿದೆ. ಮನೆಯ ಕಡೆಗೆ.

10:20

ಸಾಲಿನೊಳಗೆ ಹೋದೆ. ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

"ಟ್ಯಾಬ್ ಎಲ್ಲಿ ಅಕ್ಕ?" ಎಂದಳು ಕಾಜಾದವಳು. ಹೇಳಿಬಿಟ್ಟೆ. ಇಲ್ಲ. ಯಾರೂ ಬರುವುದಿಲ್ಲ. ನಿಮ್ಮನ್ನು ಕೇಳದೆ ನಾನೇ ಸುಳ್ಳು ತುಂಬಿದೆ ಎಂದು ಬರೆದುಕೊಟ್ಟೆ, ಹೆದರಿ. ಅವಳ ಮುಖ ನೋಡಲಾಗಲಿಲ್ಲ.

ಒಂಬತ್ತರ ಅಜ್ಜಿ ಕೇಳಿದರು: "ಕೈಯಲ್ಲಿರೋದು ಏನು?"

"ನನ್ನ ದಿನಚರಿ ಅಜ್ಜಿ. ಇದು ಲೆಕ್ಕಕ್ಕೆ ಹೋಗಲ್ಲ."

"ಖಾಲಿ ಹಾಳೆ ಇದ್ಯಾ?"

"ಇದೆ."

"ಮತ್ತೆ ಇನ್ನೇನು. ಬರ್ಕೋ."

ಮನೆ 9. ಡಿ-9: ಹೌದು. ಸಾಬೂನು ಬಿಳಿ. ಮೂರು ವರ್ಷದಿಂದ.

ಮನೆ 17. ಹೌದು. ಹಸಿರು. ಮಗಳಿಗೂ ಮೆತ್ತಲು ಕಲಿಸಿದ್ದಾಳೆ.

ಮನೆ 20. ಹೌದು. ಬಿಳಿ.

ಹಳದಿಯವಳು ವಾಪಸ್ ಬಂದಳು. ಮನೆ 3. ಹೌದು.

ಕುರ್ಚಿ ಸರಿದ ಸದ್ದು. ಕೀಲಿಗೊಂಚಲಿನ ಸದ್ದು ಈ ಕಡೆಗೇ. "ಏನ್ರೀ ಅದು, ಏನ್ ಬರೀತಿದೀರಾ? ಕೊಡ್ರಿ ಇಲ್ಲಿ." ಅಜ್ಜಿ ನನ್ನ ಮುಂದೆ ಬಂದು ನಿಂತರು. ನನ್ನ ಭುಜಕ್ಕೂ ಬರುವುದಿಲ್ಲ ಅವರು.

ಮನೆ 14. ಡಿ-9: ಹೌದು. ಗುಲಾಬಿ.

"ಹೆಸರು ಹೋಗಲ್ಲ ಅಂದಿದ್ರಿ ಅಕ್ಕ. ಈ ಸಲ ಹೋಗ್ಲಿ. ನಂದೂ ಬರೀರಿ, ಅವ್ನದೂ ಬರೀರಿ."

ಡಿ-10. ಪರಿಚಿತರು. ಹೆಸರು: